ಭಾವ ರಾಜನಾದದ್ದು, ನೀಲಗಿರಿ ಎಣ್ಣೆಯ ಸಹಾಯದಿಂದ

ಮೊನ್ನೆ ನೆಗಡಿಯಾಗಿ ಕರವಸ್ತ್ರಕ್ಕೆ ಒಂದಿಷ್ಟು ನೀಲಗಿರಿ ಎಣ್ಣೆ ಹಾಕಿಕೊಂಡೆ. ಮೂಗಿಗೆ ಹಿಡಿದದ್ದೇ ತಡ, ಅಕ್ಕನ ಗಂಡ, ನಮ್ಮ ಭಾವ, ಕಣ್ಣೆದುರು ಬಂದು ಕೂತರು: ಬಿಳಿ ಪಂಚೆ, ಹೆಗಲ ಮೇಲೆ ಜರಿಶಾಲು, ಮುಖದಲ್ಲಿ ಹಲ್ಲು ಕೀಳಿಸಲು ಬಂದವರ ಕಳೆ. ನಿಮಗೂ ಹೀಗಾಗುತ್ತಿರಬಹುದು, ವಾಸನೆಗಳು ಹೇಳದೆ ಕೇಳದೆ ಜನರನ್ನು ಕರೆತರುತ್ತವೆ. ಅವರು ನಿಜವಾಗಿ ಹಾಗೆಯೇ ಇದ್ದರೋ ಎಂಬುದು ಬೇರೆ ಮಾತು. ನನ್ನ ನೆನಪಿನಲ್ಲಿ ಆ ಶಾಲು ಕೆಂಪು. ಅಕ್ಕ ಹಸಿರು ಎನ್ನುತ್ತಾಳೆ. ಶಾಲು ಅವಳದ್ದಾದ್ದರಿಂದ ಸದ್ಯಕ್ಕೆ ಹಸಿರು ಎಂದೇ ಇಟ್ಟುಕೊಳ್ಳೋಣ.

ಇಸವಿ ಎರಡು ಸಾವಿರದ ಆಸುಪಾಸು. ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ, ಕೆಲಸ ಸಿಗದೆ ಹೊನ್ನಾವರದಲ್ಲಿ ಅಕ್ಕನ ಮನೆಯಲ್ಲಿದ್ದೆ. ನನ್ನ ಓದು ಯಾವುದಕ್ಕೆ ಬರುತ್ತದೆಂದು ಊರಿನವರಿಗೆ ಗೊತ್ತಿರಲಿಲ್ಲ, ನನಗೂ. ಭಟ್ಕಳದಿಂದ ಬಂದ ನೆಂಟರೊಬ್ಬರು ಜಗಲಿಯಲ್ಲಿ ಕೂತು, "ಮನಸ್ಸಿನಲ್ಲಿ ಎಂತ ಇದೆ ಹೇಳ್ತೀಯಂತೆ, ನಂದು ಹೇಳು ನೋಡ್ವ" ಎಂದರು. "ಹಸಿವಾಗಿದೆ" ಎಂದೆ. ಸರಿಯಾಗಿತ್ತು.

ಭಾವನದು ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೊ. ದಿನವಿಡೀ "ಹೆದರಬೇಡಿ, ಗದ್ದ ಮೇಲೆ, ಸ್ವಲ್ಪ ನಗಿ" ಎಂದು ಇಡೀ ತಾಲೂಕಿಗೆ ಧೈರ್ಯ ಹಂಚುತ್ತಿದ್ದವರು ತಾಳಮದ್ದಲೆಯಲ್ಲಿ ಮೈಕಿನ ಮುಂದೆ ಕೂತರೆ ಒಣಗಿಹೋಗುತ್ತಿದ್ದರು. ತಾಳಮದ್ದಲೆ ಗೊತ್ತಲ್ಲ: ಯಕ್ಷಗಾನದ್ದೇ ಪದ್ಯ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಮೇಲೆ ಪಾತ್ರಧಾರಿಗಳು ಕೂತಲ್ಲೇ ವಾದ ಹೂಡಬೇಕು, ಬರೆದಿಟ್ಟುಕೊಂಡ ಮಾತಿಲ್ಲದೆ. ಭಾವನಿಗೆ ಸಿಗುತ್ತಿದ್ದದ್ದು ದೂತನ ಪಾತ್ರ. ಅದರಲ್ಲೂ ಒಮ್ಮೆ ಎದುರಿಗಿದ್ದ ಸಂತೆಗುಳಿ ಮಾಸ್ತರು, "ಎಲೈ ದೂತ, ಯಾವ ಮಾರ್ಗವಾಗಿ ಬಂದೆ?" ಎಂದು ಗುಡುಗಿದಾಗ ಇವರು ತಡಬಡಿಸಿ "ಭಟ್ಕಳ ಬಸ್ಸಿಗೆ, ಪ್ರಭೂ" ಎಂದುಬಿಟ್ಟರು. ಆಮೇಲೆ ಸ್ಟುಡಿಯೊಗೆ ಬಂದವರೆಲ್ಲ ಬಸ್ಸಿನ ಸಮಯ ಕೇಳತೊಡಗಿದರು.

ಮಾಸ್ತರೆಂದರೆ ಸಾಮಾನ್ಯರಲ್ಲ. ಎದುರಾಳಿಯ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಅದನ್ನು ಕಿತ್ತುಕೊಂಡು, ಹಿಂದುಮುಂದು ಮಾಡಿ, ಅವರ ಮುಖಕ್ಕೇ ಎಸೆಯುವವರು.

ಹೀಗಿರುವಾಗ ಕುಮಟೆಯ ಒಂದು ತಾಳಮದ್ದಲೆಗೆ ರಾಜನ ಪಾತ್ರ ಮಾಡಬೇಕಾದವರ ಗಂಟಲು ಕೂತಿತು. ಬೇರೆ ಯಾರೂ ಸಿಗದೆ ಭಾಗವತರು ಭಾವನನ್ನು ಕರೆದರು. "ಕೂತ್ಕೊ. ಆದ್ರೆ ಈ ಸರ್ತಿನೂ ಬಸ್ಸು ಹತ್ತಿದ್ರೆ ಮುಂದೆ ನಿಂಗೆ ಮೈಕ್ ಸೆಟ್ ನೋಡುದೇ ಕೆಲಸ."

ಪ್ರಸಂಗ ಊರಿನವರೇ ಒಬ್ಬರು ಬರೆದದ್ದು. ರಾಜ ತನ್ನ ತಮ್ಮನನ್ನು ಕಾಡಿಗೆ ಅಟ್ಟಿದ್ದಾನೆ. ಅವನನ್ನು ಮರಳಿ ಕರೆಸಿ ಎಂದು ಮಂತ್ರಿ ವಾದಿಸಬೇಕು. ರಾಜ ಒಪ್ಪದೆ ಒಪ್ಪದೆ ಕೊನೆಗೆ ಒಪ್ಪಬೇಕು. ಮಂತ್ರಿ ಯಾರೆಂದು ಕೇಳಬೇಡಿ. ಮಾಸ್ತರೇ.

"ತಂಗಿ, ನೀ ಓದಿದ್ರಲ್ಲಿ ಇದಕ್ಕೆ ಎಂತಾದ್ರೂ ಇದ್ಯ?" ಎಂದು ಭಾವ ಕೇಳಿದರು.

ಇತ್ತು. ನನ್ನ ಸಲಹೆ ಕೇಳಿದ ಮೊದಲಿಗರು ಎಂಬ ಉತ್ಸಾಹದಲ್ಲಿ ಎಲ್ಲವನ್ನೂ ಒಟ್ಟಿಗೇ ಕೊಟ್ಟೆ. ಹೆದರಿಸುವವರನ್ನು ದಿನಾ ನೋಡಿದರೆ ಹೆದರಿಕೆ ಸವೆಯುತ್ತದೆ ಎಂದದ್ದಕ್ಕೆ ಭಾವ ಮಾಸ್ತರ ಫೋಟೋವನ್ನು ದೊಡ್ಡದು ಮಾಡಿ ಕ್ಯಾಮರಾದ ಹಿಂದಿನ ಗೋಡೆಗೆ ಹಾಕಿದರು. ಆ ವಾರ ಹೊನ್ನಾವರದ ಪಾಸ್‌ಪೋರ್ಟ್ ಫೋಟೋಗಳಲ್ಲೆಲ್ಲ ಜನ ಕಣ್ಣರಳಿಸಿಕೊಂಡಿದ್ದರು. ಎರಡನೆಯದು ಉಸಿರು: ಮಾತಿಗೆ ಮೊದಲು ನಿಧಾನವಾಗಿ ಎಳೆದು, ನಿಧಾನವಾಗಿ ಬಿಡಬೇಕು. ಮೂರನೆಯದೇ ಈ ಎಣ್ಣೆ. ಮನೆಯಲ್ಲಿ ನೆಮ್ಮದಿಯಾಗಿ ಉಸಿರಾಡುವಾಗ ಒಂದು ವಾಸನೆ ರೂಢಿಯಾದರೆ, ಸಭೆಯಲ್ಲೂ ಆ ವಾಸನೆ ನೆಮ್ಮದಿ ತರುತ್ತದೆ ಎಂದು ಲೆಕ್ಕ. ಭಾವ ಹೊತ್ತು ಹೊತ್ತಿಗೆ ಕರವಸ್ತ್ರ ಮೂಸಿದರು. "ಧೈರ್ಯ ಬಂದದ್ದು ಕಾಣುದಿಲ್ಲ, ಹಳೇ ನೆಗಡಿ ಮಾತ್ರ ಹೋತು" ಎಂದಳು ಅಕ್ಕ.

ತಾಳಮದ್ದಲೆಯ ದಿನ ಮುಂದಿನ ಸಾಲಿನಲ್ಲಿ ನಾನೂ ಅಕ್ಕನೂ ಕೈ ಕೈ ಹಿಡಿದು ಕೂತಿದ್ದೆವು. ಮಾಸ್ತರು ಕಾಡಿನಲ್ಲಿ ತಮ್ಮನ ಪಾಡು ವರ್ಣಿಸಿದರು: ಚಳಿ, ಗೆಡ್ಡೆಗೆಣಸು, ಹರಕು ಬಟ್ಟೆ. ನಿಲ್ಲಿಸಿ ರಾಜನ ಕಡೆ ನೋಡಿದರು, ಅರ್ಧ ವಾಕ್ಯ ಬಂದರೆ ಅದರ ಮೇಲೆ ಹಾರಲು ಸಿದ್ಧರಾಗಿ.

ಭಾವ ಕರವಸ್ತ್ರ ಎತ್ತಿದರು. ಉಸಿರೆಳೆದರು. ಬಿಟ್ಟರು. ಮತ್ತೆ ಎಳೆದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಹಿಂದೆ ಯಾರೋ ಮೂಗು ಸೀಟಿದರು.

ಮಾಸ್ತರು ಪೇಚಿಗೆ ಸಿಲುಕಿದರು. ರಾಜ ಈಗಲೇ ಕರಗಿದರೆ ಪ್ರಸಂಗ ಮುಗಿಯಿತು. ಸಭೆಗೆ ಹಂಚಬೇಕಾದ ಅವಲಕ್ಕಿಯನ್ನು ಒಳಗೆ ಇನ್ನೂ ಕಲಸಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, "ಅವನು ಬೊಕ್ಕಸಕ್ಕೆ ಕೈ ಹಾಕಲಿಲ್ಲವೇ ಎಂದು ತಾವು ಕೇಳಬಹುದು, ಪ್ರಭೂ" ಎಂದರು. ಭಾವ ಉಸಿರೆಳೆದರು. ಮಾಸ್ತರು ತಾವೇ ಉತ್ತರಿಸಿದರು. ಆಮೇಲೆ, "ಸೇನಾಪತಿಯನ್ನು ಕೊಂದದ್ದು ಸುಳ್ಳೇ ಎನ್ನುವಿರಿ" ಎಂದರು. ಆ ಪ್ರಸಂಗದಲ್ಲಿ ಸೇನಾಪತಿಯೇ ಇಲ್ಲ. ರಾಜನ ಪರವಾಗಿ ವಾದ ಇಷ್ಟು ಸೊಗಸಾಗಿ ಬರುವುದನ್ನು ಕಂಡು ಅವರಿಗೇ ಹುರುಪು ಬಂದಿರಬೇಕು, ಒಂದೊಂದೇ ಅಪರಾಧ ಹೊರಿಸುತ್ತ, ತಾವು ಹೊರಿಸಿದ್ದಕ್ಕೆ ತಮಗೇ ಉತ್ತರ ಸಿಗದೆ, ಕೊನೆಗೆ ಶಾಲು ಕೊಡವಿ ಘೋಷಿಸಿದರು: "ಇಂಥವನನ್ನು ಕರೆಸುವುದು ಹೇಗೆ ಪ್ರಭೂ? ಅವನು ಕಾಡಿನಲ್ಲೇ ಇರಲಿ."

ಭಾಗವತರ ಕೈಯಲ್ಲಿ ತಾಳ ಹಾಗೇ ನಿಂತಿತು. ತಮ್ಮ ಬರದಿದ್ದರೆ ಮುಂದಿನ ಪದ್ಯಗಳನ್ನು ಹಾಡುವುದು ಯಾರಿಗೆ?

ಆಗ ಭಾವ ಕರವಸ್ತ್ರ ಕೆಳಗಿಟ್ಟು ಇಡೀ ದಿನದ ಒಂದೇ ಒಂದು ಮಾತಾಡಿದರು.

"ಕರೆಸು."

ಚಪ್ಪಾಳೆ ಬಿದ್ದದ್ದು ಅವಲಕ್ಕಿ ಬಂದರೂ ನಿಲ್ಲಲಿಲ್ಲ ಎಂದು ನಾನು ಡೈರಿಯಲ್ಲಿ ಬರೆದಿದ್ದೇನೆ; ನಾನು ಬರೆದದ್ದೆಂಬ ಕಾರಣಕ್ಕೇ ಅದನ್ನು ನಂಬುವುದು ಕಷ್ಟ. ಮೈಕ್ ಸೆಟ್ಟಿನ ಮಾತು ಮತ್ತೆ ಬರಲಿಲ್ಲ. ಮಾಸ್ತರು ಮಾತ್ರ ಭಾವನ ಎದುರು ಮತ್ತೆಂದೂ ಕೂರಲಿಲ್ಲ. "ಬ್ಯಾಡ ಮಾರಾಯ, ಅವ ಭಾರೀ ವಾದ ಮಾಡ್ತಾನೆ" ಎಂದರಂತೆ. ನಾನು ಎಣ್ಣೆಯ ಮಹಿಮೆ ಹೇಳಿಕೊಂಡು ಆಮೇಲೆ ಒಂದಿಬ್ಬರು ಆರ್ಕೆಸ್ಟ್ರಾ ಹಾಡುಗಾರರ ಮೂಗನ್ನೂ ಕೆಂಪು ಮಾಡಿದೆ.

ಮೊನ್ನೆ ಇದೆಲ್ಲ ನೆನಪಾಗಿ ಭಾವನಿಗೆ ಫೋನು ಮಾಡಿದೆ.

"ಯಾವ ಎಣ್ಣೆ ಮಾರಾಯ್ತಿ?" ಎಂದರು. "ಅವತ್ತು ನೀ ಬಾಟ್ಲಿ ಮನೆಲೇ ಬಿಟ್ಟು ಬಂದಿದ್ದೆ. ಬರೀ ಕರವಸ್ತ್ರ ಅದು."

"ಮತ್ತೆ ಅತ್ತದ್ದು ಎಂತಕ್ಕೆ?"

"ಮಾಸ್ತರು ಹೇಳುದು ಕೇಳಿ. ಚಳಿಲಿ ಗೆಡ್ಡೆ ತಿಂತಾ ಇದ್ದ ಅಂದ್ರೆ... ಪಾಪ ಅಲ್ವ, ಆ ತಮ್ಮ? ನಾ ಓಡಿಸಿದ್ದೇ ತಪ್ಪು ಅನ್ನಿಸ್ತು."

ನನ್ನ ಏಕೈಕ ಯಶಸ್ಸು ಹೀಗೆ ಫೋನಿನಲ್ಲೇ ಕೈಬಿಟ್ಟು ಹೋಗುತ್ತಿತ್ತು. ಬಾಟ್ಲಿ ತಂದಿದ್ದೆ, ನನಗೆ ಚೆನ್ನಾಗಿ ನೆನಪಿದೆ ಎಂದು ಜಗಳಕ್ಕೆ ಬಾಯಿ ತೆರೆದೆ. ಮೂಗು ಕಟ್ಟಿತ್ತು. ಕರವಸ್ತ್ರ ಹಿಡಿದು ನಿಧಾನವಾಗಿ ಉಸಿರೆಳೆದು, ಬಿಟ್ಟೆ.

"ಹಲೋ?" ಎಂದರು ಭಾವ. "ಗೊತ್ತಾತು, ತಂದಿದ್ದೆ ಅಂತೀಯ. ನಿನ್ನ ಕೈಚೀಲ ವಾಸನೆ ಬರ್ತಿತ್ತು, ಅದು ಹೌದು..."

ನಾನು ಮತ್ತೊಂದು ಉಸಿರೆಳೆದೆ.

"...ಅಕ್ಕನೂ ಬಸ್ಸಲ್ಲಿ ಮೂಗು ಮುಚ್ಕೊಂಡಿದ್ಳು. ಆತು ಮಾರಾಯ್ತಿ, ಎಣ್ಣೆನೇ ಇರ್ಬೇಕು."