ಲಾಂಚಿಗೆ ಬೈಕು ಹತ್ತಿಸದ ದಿನ

ಸಾಗರದ ಥಿಯೇಟರಿಗೆ ಆ ಮಧ್ಯಾಹ್ನ ಬಂದಿದ್ದವರಲ್ಲಿ ಅರ್ಧದಷ್ಟು ಜನ ಕಥೆಗೆ ಬಂದವರಲ್ಲ. ಸಿನಿಮಾ ನಮ್ಮ ಕಡೆಯೇ ತೆಗೆದದ್ದು, ಹಿನ್ನೀರು ಕಾಣುತ್ತದೆ, ಕಾರ್ಗಲ್ಲಿನ ಕಾಲೊನಿಯಂಥದೇ ಒಂದು ಕಾಲೊನಿ ಇದೆ ಎಂದು ಸುದ್ದಿಯಾಗಿತ್ತು. ನಾನು ಅಕ್ಕನ ಜೊತೆ ಹೋಗಿದ್ದೆ. ಕೊಲೆಯ ಕಥೆ. ಕಾಲೊನಿಯಲ್ಲಿ ಬೀಗ ಹಾಕಿದ ಒಂದು ಪಂಪ್‌ಹೌಸು. ಅದರೊಳಗೆ ಹೋದವರು ಹದಿನೈದು ವರ್ಷ ಹಿಂದಿನ ದಿನಕ್ಕೆ ಹೊರಬರುತ್ತಾರೆ. ಒಬ್ಬ ಸಬ್‌ಇನ್‌ಸ್ಪೆಕ್ಟರ್ ಹಾಗೆ ಹಿಂದಕ್ಕೆ ಹೋಗಿ, ಕೊಲೆ ನಡೆದದ್ದನ್ನು ಕಣ್ಣಾರೆ ನೋಡಿ, ಸುಳ್ಳುಸಾಕ್ಷಿಯಿಂದ ಜೈಲಿಗೆ ಹೋದವನನ್ನು ಬಿಡಿಸುತ್ತಾನೆ.

ಇದನ್ನೆಲ್ಲ ಜನ ತಕರಾರಿಲ್ಲದೆ ಒಪ್ಪಿಕೊಂಡರು. ಗಲಾಟೆ ಎದ್ದದ್ದು ಕೊಲೆಗಾರ ಹೊಳೆಬಾಗಿಲಿನ ದಡದಲ್ಲಿ, ಜನರನ್ನೂ ಗಾಡಿಗಳನ್ನೂ ಹಿನ್ನೀರು ದಾಟಿಸುವ ಲಾಂಚನ್ನು ಕಾರು ಸಮೇತ ಹತ್ತಿದಾಗ. ತೆರೆಯ ಮೇಲೆ ಕಡು ಬೇಸಿಗೆ. ನೀರು ಬತ್ತಿ, ಮುಳುಗಿದ್ದ ಮರಗಳ ಬೊಡ್ಡೆಗಳು ಎದ್ದು ಕಾಣುತ್ತಿದ್ದವು.

"ಅಷ್ಟು ನೀರು ಇಳಿದ್ಮೇಲೆ ಗಾಡಿ ಯಾರು ಹತ್ತಸ್ತಾರೋ?" ಎಂದಿತು ಹಿಂದಿನ ಸಾಲಿನ ಒಂದು ದನಿ.

"ಜನ ಹತ್ತಿದ್ರೇ ತಳ ಕಚ್ತಿತ್ತು. ಇವ್ನು ಕಾರು ತಂದ!"

"ಪಂಪ್‌ಹೌಸಿಗೆ ಹೋಗಿ ಸಿನಿಮಾ ತೆಗ್ದೋರಿಗೆ ಹೇಳಿ ಬಾ ಮಾರಾಯ, ಹೋಗು."

ಥಿಯೇಟರೆಲ್ಲ ನಕ್ಕಿತು. ಸೇತುವೆಯಾಗಿ ಈಗ ಲಾಂಚಿನ ಹಂಗಿಲ್ಲ. ಆದರೂ ವರ್ಷಗಟ್ಟಲೆ ಅದಕ್ಕಾಗಿ ದಡದಲ್ಲಿ ಕಾದವರಿಗೆ ಅದರ ವಿಷಯದಲ್ಲಿ ಸುಳ್ಳು ಹೇಳಿದರೆ ಸಹಿಸಲಾಗುವುದಿಲ್ಲ. ನಾನೂ ನಕ್ಕೆ. ನಗು ಅರ್ಧದಲ್ಲೇ ನಿಂತಿತು. ಕಾರಣ, ಬತ್ತಿದ ಹಿನ್ನೀರಿನಲ್ಲಿ ಲಾಂಚಿಗೆ ಗಾಡಿ ಹತ್ತಿಸಿದವಳು ನಾನೂ ಹೌದು. ಸಿನಿಮಾದಲ್ಲಲ್ಲ, ಒಂದು ವಿಚಾರಣೆಯಲ್ಲಿ, ಸಹಿ ಹಾಕಿ.

ಆಗ ನಾನು ಹೊಳೆಯಾಚೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಶಾಲೆ ನಡೆಸುವ ಕಮಿಟಿ ಇದ್ದದ್ದು ತೀರ್ಥಹಳ್ಳಿಯಲ್ಲಿ. ಒಂದು ಮೇ ತಿಂಗಳ ಕೊನೆಯ ವಾರ, ರಜೆ ಮುಗಿಯುವ ಹೊತ್ತಿಗೆ, ಶಾಲೆಯ ಪ್ರೊಜೆಕ್ಟರ್ ಕಾಣೆಯಾಯಿತು. ಬೀಗದ ಕೈ ಇದ್ದದ್ದು ಅಟೆಂಡರ್ ಹತ್ತಿರ. ಅವರು ಹೊಸನಗರದವರು, ಬೈಕಿನಲ್ಲಿ ಓಡಾಡುತ್ತಿದ್ದರು. ಕಮಿಟಿಯ ಕಾರ್ಯದರ್ಶಿ ನನ್ನನ್ನು ಕರೆಸಿ, "ಆ ಶನಿವಾರ ಅವ್ನು ಬೈಕಿನ ಹಿಂದೆ ಬಾಕ್ಸ್ ಕಟ್ಕೊಂಡು ಲಾಂಚಲ್ಲಿ ಹೋಗಿದ್ದನ್ನ ನೀವು ನೋಡಿದ್ರಂತೆ?" ಎಂದು ಕೇಳಿದರು. ಕೇಳಿದ ಕೂಡಲೇ ಕಣ್ಣಿಗೆ ಕಟ್ಟಿತು: ಲಾಂಚಿನ ಅಂಚಿನಲ್ಲಿ ಬೈಕು, ಹಿಂದೆ ಹಗ್ಗದಿಂದ ಬಿಗಿದ ರಟ್ಟಿನ ಪೆಟ್ಟಿಗೆ, ಒಂದು ಕೈಯಲ್ಲಿ ಅದನ್ನು ಹಿಡಿದು ನಿಂತ ಅವರು. ಹೌದು ಎಂದೆ. ಬರೆದೂ ಕೊಟ್ಟೆ. ಅವರ ಕೆಲಸ ಹೋಯಿತು. ಪ್ರೊಜೆಕ್ಟರ್ ಸಿಗಲೇ ಇಲ್ಲ.

ಸಿನಿಮಾ ಬಿಟ್ಟ ಮೇಲೆ ಹೊರಗೆ ಜನ ಗುಂಪುಗುಂಪಾಗಿ ವಾದಿಸುತ್ತಿದ್ದರು. ಹಿಂದಕ್ಕೆ ಹೋದ ಇನ್‌ಸ್ಪೆಕ್ಟರ್ ತನ್ನನ್ನೇ ಎದುರು ಕಂಡರೆ ಏನಾಗುತ್ತಿತ್ತು ಎನ್ನುವುದು ಒಬ್ಬರ ಪ್ರಶ್ನೆ. ಕೊಲೆಗಾರನನ್ನು ಕೊಲೆಗೆ ಮುಂಚೆಯೇ ಹಿಡಿಯಬಹುದಿತ್ತಲ್ಲ ಎನ್ನುವುದು ಇನ್ನೊಬ್ಬರದು. ಹಿಂದಕ್ಕೆ ಹೋದವನಿಗೆ ನಿಜ ಕಾಣುತ್ತದೆ ಎನ್ನುವುದನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ನನಗೆ ಇಡೀ ಸಿನಿಮಾದಲ್ಲಿ ನಂಬಲಾಗದ್ದು ಅದೊಂದೇ. ನಾನು ಆ ದಿನಗಳಲ್ಲಿ ಅಲ್ಲೇ ಇದ್ದವಳು. ಯಾವ ಪಂಪ್‌ಹೌಸೂ ಬೇಕಿರಲಿಲ್ಲ.

ಮನೆಗೆ ಬಂದು ಆ ವರ್ಷದ ದಿನಚರಿ ತೆಗೆದೆ. ನೆನಪನ್ನು ನಂಬಬಾರದೆಂದೇ ದಿನಚರಿ ಬರೆಯುತ್ತೇನೆ ಎಂದು ಜಂಬ ಪಡುವವಳು ನಾನು. ಸಾಕ್ಷಿ ಹೇಳುವ ಮುಂಚೆ ಅದನ್ನು ಯಾಕೆ ತೆರೆದು ನೋಡಲಿಲ್ಲ? ಆ ವಾರದ ಪುಟದಲ್ಲಿ ನನ್ನದೇ ಅಕ್ಷರ: "ನೀರು ತೀರಾ ಇಳಿದಿದೆ. ಇವತ್ತಿನಿಂದ ಲಾಂಚಿಗೆ ಜನ ಮಾತ್ರ. ಬೈಕು ಕೂಡ ದಡದಲ್ಲೇ." ಅದು ಬುಧವಾರ. ಶನಿವಾರದ ಪುಟದಲ್ಲಿ ಅಟೆಂಡರ್ ಇಲ್ಲ, ಬೈಕು ಇಲ್ಲ, ಪೆಟ್ಟಿಗೆ ಇಲ್ಲ. ನಾನು ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಹಾಕಿದ್ದು, ಲಾಂಚಿನಲ್ಲಿ ಚಪ್ಪಲಿ ಕಿತ್ತುಹೋದದ್ದು ಇದೆ. ಪೆಟ್ಟಿಗೆ ಸಿಕ್ಕಿದ್ದು ಜನವರಿಯ ಪುಟದಲ್ಲಿ: "ಅಟೆಂಡರ್ ಲಾಂಚಿನಲ್ಲಿ ಸಿಕ್ಕರು. ಕ್ರೀಡೆಯ ಬಹುಮಾನದ ಲೋಟಗಳ ಬಾಕ್ಸು ಬೈಕಿನ ಹಿಂದೆ." ಕಂಡ ಚಿತ್ರ ಸುಳ್ಳಲ್ಲ, ಅದರ ದಿನ ಸುಳ್ಳು. ಕಾರ್ಯದರ್ಶಿಯ ಪ್ರಶ್ನೆ ಜನವರಿಯದನ್ನು ಎತ್ತಿ ಮೇ ತಿಂಗಳಲ್ಲಿ ಇಟ್ಟಿತು, ನಾನು ಇಡಗೊಟ್ಟೆ.

ಅಕ್ಕನಿಗೆ ಹೇಳಿದೆ. "ಎಂತ ಆತೇ ನಿಂಗೆ?" ಎಂದಳು. "ಆ ಮನಷ್ಯ ನಿನ್ನ ಕೇಳಿದ್ನಿಲ್ಲೆ, ಯಾರೂ ಕೇಳಿದ್ವಿಲ್ಲೆ. ಒಂದು ಸಿನಿಮಾ ನೋಡ್ಕ್ಯಂಡು ಬಂದು ಹಿಂಗೆಲ್ಲ ಮಾಡದಾ?"

ಯಾರೂ ಕೇಳಿರಲಿಲ್ಲ ಎನ್ನುವುದು ನಿಜ. ಅಷ್ಟು ವರ್ಷ ನಾನು ನೆಮ್ಮದಿಯಾಗಿದ್ದದ್ದೂ ಅದೇ ಕಾರಣಕ್ಕೆ.

ಮರುದಿನ ಒಂದು ಪತ್ರ ಬರೆದುಕೊಂಡು, ದಿನಚರಿಯನ್ನೂ ಹಿಡಿದು ಹೊಸನಗರದ ಬಸ್ಸು ಹತ್ತಿದೆ. ಆ ಅಟೆಂಡರ್ ಈಗ ಅಲ್ಲಿ ಮಿಕ್ಸಿ, ಪಂಪುಸೆಟ್ಟು ರಿಪೇರಿ ಮಾಡುತ್ತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಹೆಸರು ಹೇಳಿ ಅಂಗಡಿ ಎಲ್ಲಿ ಎಂದು ಕೇಳಿದಾಗ ಆಟೋದವರು, "ಯಾರು, ಪ್ರೊಜೆಕ್ಟರ್ರಾ? ಸೀದಾ ಹೋಗಿ, ಎಡಕ್ಕೆ" ಎಂದರು. ತಮಾಷೆಯಾಗಿಯೇ, ಪ್ರೀತಿಯಿಂದಲೇ ಅಂದರು. ಅಡ್ಡಹೆಸರು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತು.

ನನ್ನನ್ನು ಕಂಡು ಅವರು ಸ್ಟೂಲು ಒರೆಸಿ ಕೊಟ್ಟರು. ನಾನು ಹೇಳುವುದನ್ನೆಲ್ಲ ಕೈಯಲ್ಲಿದ್ದ ಮಿಕ್ಸಿಯ ಸ್ಕ್ರೂ ತಿರುಗಿಸುತ್ತಲೇ ಕೇಳಿದರು.

"ಗಾಡಿ ಹತ್ತಸ್ತಿರ್ಲಿಲ್ಲ ಅಂತ ನಾನು ಅವತ್ತೇ ಹೇಳಿದ್ದೆ ಮೇಡಂ. ಕಮಿಟಿಯೋರು ಲಾಂಚು ಹತ್ತಿದೋರೇ ಅಲ್ಲ. ಎಂ.ಎ. ಓದಿದ ಮೇಡಂ ನೋಡೀನಿ ಅಂದ್ಮೇಲೆ ನನ್ನ ಮಾತು ಯಾರು ಕೇಳ್ತಾರೆ? ನಿಮಗೆ ಗೊತ್ತಾಗ್ಲಿಕ್ಕೆ ಸಿನಿಮಾ ಬರಬೇಕಾಯ್ತಾ?"

ಪತ್ರ ಕೊಟ್ಟೆ. ಎರಡು ಸಲ ಓದಿದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಾನು ಬಹುಶಃ ತಪ್ಪಾಗಿ ನೆನಪಿಸಿಕೊಂಡಿರಬಹುದು" ಎಂದು ಬರೆದಿದ್ದೆ.

"ಅವತ್ತು ಬರ್ಕೊಟ್ಟಾಗ ಇದನ್ನ ಹಾಕಿದ್ರಾ?"

"ಯಾವುದು?"

"ಈ ಬಹುಶಃ."

ಹಾಕಿರಲಿಲ್ಲ. ನೆನಪಿನ ಬಗ್ಗೆ ಎಚ್ಚರ ಇರಬೇಕು, ಯಾವುದನ್ನೂ ಖಂಡಿತ ಎನ್ನಬಾರದು ಎಂದು ನನಗೆ ನಾನೇ ಹೇಳಿಕೊಂಡು ಆ ಪದ ಬರೆದಿದ್ದೆ. ಅವರ ಎದುರು ಕೂತಾಗ ಅದು ಎಚ್ಚರವಲ್ಲ, ಅಡಗಿಕೊಳ್ಳುವ ಜಾಗ ಎಂದು ಕಂಡಿತು. ಕೆಲಸ ಕಳೆಯುವಾಗ ಖಂಡಿತ, ಹೆಸರು ಹಿಂದಿರುಗಿಸುವಾಗ ಬಹುಶಃ.

"ಮಗಳು ತೀರ್ಥಹಳ್ಳಿ ಕಾಲೇಜಲ್ಲಿ ಓದ್ತಾಳೆ," ಎಂದರು. "ಅಲ್ಲೂ ಯಾರೋ ಕೇಳಿದ್ರಂತೆ, ನೀನು ಪ್ರೊಜೆಕ್ಟರ್ ಮಗಳಾ ಅಂತ. ನಂಗೆ ಆ ಕೆಲಸ ಬೇಡ. ಕಮಿಟಿಯ ಯಾವ ಪುಸ್ತಕದಲ್ಲಿ ಕದ್ದ ಅಂತ ಬರೆದ್ರೋ ಅದೇ ಪುಸ್ತಕದಲ್ಲಿ ಕದ್ದಿಲ್ಲ ಅಂತ ಬರೀಬೇಕು."

ಅಲ್ಲೇ ಕೂತು ಹೊಸದಾಗಿ ಬರೆದೆ. ಪ್ರೊಜೆಕ್ಟರ್ ಯಾರು ತೆಗೆದರೋ ನನಗೆ ಗೊತ್ತಿಲ್ಲ. ಇವರನ್ನು ಆ ದಿನ ಲಾಂಚಿನಲ್ಲಿ ನಾನು ನೋಡಿಲ್ಲ. ನೋಡಿದೆ ಎಂದದ್ದು ಸುಳ್ಳು. ಮೂರು ಸಾಲು, ಎರಡು ಪ್ರತಿ, ದಿನಚರಿಯ ಪುಟಗಳ ಜೆರಾಕ್ಸು.

ಅದೇ ಮಧ್ಯಾಹ್ನ ತೀರ್ಥಹಳ್ಳಿಗೆ ಹೋದೆ. ಕಾರ್ಯದರ್ಶಿ ಅದೇ ಮನುಷ್ಯ. ಪತ್ರ ಓದಿ ನನ್ನ ಕಡೆ ನೂಕಿದರು.

"ಮೇಡಂ, ಇದೆಲ್ಲ ಮುಗಿದ ಕಥೆ. ಈಗ ಕೆದಕಿ ಎಂತ ಮಾಡ್ತೀರಿ? ನಾಳೆ ನಿಮ್ಮ ಮೇಲೇ ಕೇಸು ಹಾಕಿದ್ರೆ?"

"ಹಾಕ್ಲಿ ಸರ್. ನೀವು ಪತ್ರ ತಲುಪಿದೆ ಅಂತ ಸೀಲು ಹಾಕಿ ಕೊಡಿ."

"ನಿಮ್ಮ ನೆನಪು ಇವತ್ತು ಸರಿ, ಅವತ್ತು ತಪ್ಪು ಅಂತ ಹ್ಯಾಗೆ ಹೇಳ್ತೀರಿ?"

ಒಳ್ಳೆಯ ಪ್ರಶ್ನೆ. ನಾನೇ ರಾತ್ರಿಯಿಡೀ ಕೇಳಿಕೊಂಡದ್ದು. "ನನ್ನ ನೆನಪು ಎರಡೂ ದಿನ ನಂಬಿಕೆಗೆ ಯೋಗ್ಯ ಅಲ್ಲ ಸರ್," ಎಂದೆ. "ಆದರೆ ನೀರು ಇಳಿದದ್ದು ನನ್ನ ನೆನಪಲ್ಲ. ಹೊಳೆಯಾಚೆ ಯಾವ ಮನೆಗಾದರೂ ಹೋಗಿ ಕೇಳಿ. ಅವತ್ತೇ ಕೇಳಬೇಕಿತ್ತು. ನೀವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ."

ಊಟಕ್ಕೆ ಹೋಗಬೇಕು ಎಂದರು. ಕಾಯುತ್ತೇನೆ ಎಂದೆ. ಊಟ ಮಾಡಿ ಬಂದರು, ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದರು. ನಾನು ಕುರ್ಚಿ ಬಿಡಲಿಲ್ಲ. ಕೊನೆಗೆ ನಕಲಿನ ಮೇಲೆ ಸೀಲು ಒತ್ತಿ, ಹಳೆಯ ನಡಾವಳಿ ಪುಸ್ತಕ ತಿದ್ದುವುದು ತನ್ನೊಬ್ಬನ ಕೈಯಲ್ಲಿಲ್ಲ, ಕಮಿಟಿ ಸಭೆಯಲ್ಲಿ ಆಗಬೇಕು ಎಂದರು. ಸಭೆ ಯಾವಾಗ ಎಂದು ಕೇಳಿದೆ. ಮುಂದಿನ ತಿಂಗಳು, ಸದಸ್ಯರಿಗೆ ಮಾತ್ರ, ಎಂದರು.

ಸೀಲು ಬಿದ್ದ ಪ್ರತಿಯನ್ನು ಹೊಸನಗರದಲ್ಲಿ ಇಳಿದು ಅಂಗಡಿಗೆ ಕೊಟ್ಟುಬಂದೆ. ಅವರು ಥ್ಯಾಂಕ್ಸ್ ಎನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. "ಸಭೆಗೆ ನಾನೂ ಬರ್ತೀನಿ," ಎಂದರು. ನಮ್ಮಿಬ್ಬರನ್ನೂ ಯಾರೂ ಕರೆದಿಲ್ಲ. ಬಾಗಿಲಲ್ಲಿ ತಡೆದರೆ ಬಾಗಿಲಲ್ಲೇ ನಿಂತು ಆ ಮೂರು ಸಾಲು ಓದುತ್ತೇನೆ.