ಅತ್ತೆಯ ಕಡ್ಡಿ ಊರು

ಅತ್ತೆಯ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಮಡಿಕೇರಿ ಬಸ್ಸಿನ ಹಾರನ್ ಹೊರಡುತ್ತಿದ್ದುದು ಅಲ್ಲಿಂದ.

ಅಪ್ಪನ ಅಕ್ಕ ಆಕೆ. ಗಂಡ ತೀರಿದ ಮೇಲೆ ಮಾದಾಪುರದ ನಮ್ಮ ಮನೆಗೆ ಬಂದು, ಕಣದಲ್ಲಿ ಒಣಗಲು ಹರವಿದ ಕಾಫಿ ಕಾಯುತ್ತಿದ್ದಳು. ಕಾಯುವುದು ಹೆಸರಿಗೆ, ಮಕ್ಕಳಾದ ನಮ್ಮನ್ನು ಕೂಡಿಸಿಕೊಂಡು ನಡೆಸುತ್ತಿದ್ದುದು ಒಂದು ಊರನ್ನೇ. ಕಾಫಿ ಗಿಡದ ಕವಲು ಕಡ್ಡಿಯನ್ನು ತಲೆಕೆಳಗಾಗಿ ಹಿಡಿದರೆ ಎರಡು ಕಾಲು. ಚಿಂದಿ ಸುತ್ತಿದರೆ ಮನುಷ್ಯ. ಕಲ್ಲು ಜೋಡಿಸಿದರೆ ಮನೆ, ಬೆಂಕಿಪೊಟ್ಟಣ ಬಸ್ಸು. ನಿಯಮ ಒಂದೇ: ಗೊಂಬೆ ಹಿಡಿದವರು ಬೆಳಗಿನಿಂದ ದೀಪ ಹಚ್ಚುವವರೆಗೆ ಅದರ ದಿನವನ್ನು ಪೂರ್ತಿ ನಡೆಸಬೇಕು.

ಅಣ್ಣ ತನ್ನದನ್ನು ಎಸ್ಟೇಟಿನ ದೊರೆ ಮಾಡಿ ಎಲ್ಲರನ್ನೂ ಗದರಿಸುತ್ತಿದ್ದ. ಒಮ್ಮೆ ಸಿಟ್ಟಿಗೆ ಆ ದೊರೆಯನ್ನು ಬಾಗಿಲಿಲ್ಲದ ಮನೆಯೊಳಗಿಟ್ಟು ಮುಚ್ಚಿಬಿಟ್ಟೆ. ಅತ್ತೆ ಬೈಯಲಿಲ್ಲ. “ಊಟದ ಹೊತ್ತಾಯ್ತು, ಅವನಿಗೆ ಬಡಿಸೋದು ಹೆಂಗೆ?” ಎಂದಳು. ನಾನೇ ಒಂದು ಕಲ್ಲು ತೆಗೆದೆ.

ನನ್ನ ಗೊಂಬೆ ದಿನವೂ ಬಸ್ಸು ಹತ್ತಿ ಮಡಿಕೇರಿಯ ಹೈಸ್ಕೂಲಿಗೆ ಹೋಗುತ್ತಿತ್ತು. ಅತ್ತೆಯದು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಕೇಳಿದರೆ, “ನಾನೂ ಹತ್ತಿದ್ರೆ ಹಾರನ್ ಊದೋರು ಯಾರೇ?”

ನಾನು ಊರ ಶಾಲೆ ಮುಗಿಸಿದ ವರ್ಷ ಅಪ್ಪ, ಹುಡುಗಿ ಓದಿದ್ದು ಸಾಕು, ಮನೆಗೆಲಸ ಕಲಿಯಲಿ ಎಂದುಬಿಟ್ಟರು. ನಾನು ಅತ್ತು ಕಣ್ಣು ಊದಿಸಿಕೊಂಡೆ. ಅತ್ತೆ ವಾದಕ್ಕೆ ಹೋಗಲಿಲ್ಲ. ಭಾನುವಾರ ಅಪ್ಪನನ್ನು ಕಣಕ್ಕೆ ಕರೆದು ನನ್ನ ಗೊಂಬೆಯನ್ನು ಕೈಗಿತ್ತಳು.

“ಇವತ್ತು ಇವ್ಳನ್ನ ನೀನು ನಡೆಸು, ತಮ್ಮ.”

ಅಕ್ಕನ ಮಾತು, ಅಪ್ಪ ಕೂತರು. ನೀರು ತಂದಾಯಿತು, ಗುಡಿಸಿಯಾಯಿತು, ಬಟ್ಟೆ ಒಗೆದಾಯಿತು, ಮತ್ತೆ ನೀರು. “ಪಾತ್ರೆ ಹಂಗೇ ಬಿದ್ದಿದಾವೆ,” ಎಂದು ಅತ್ತೆ ನೆನಪಿಸುತ್ತಿದ್ದಳು. ಮಧ್ಯಾಹ್ನದೊಳಗೆ ಅಪ್ಪನಿಗೆ ಆಕಳಿಕೆ ಶುರುವಾಯಿತು.

“ಇವ್ಳಿಗೆ ಬೇರೆ ಕೆಲ್ಸ ಇಲ್ವೇನಕ್ಕ?”

“ಇಷ್ಟೇ ಸಾಕು ಅಂದೋನು ನೀನೇ ತಾನೆ?” ಎಂದವಳೇ ಅತ್ತೆ ಹಲ್ಲಿನ ಸಂದಿಯಿಂದ ಹಾರನ್ ಊದಿದಳು.

ಆಳುಗಳು ಯಾರಾದರೂ ನೋಡುತ್ತಿದ್ದಾರೋ ಎಂದು ಅಪ್ಪ ಸುತ್ತ ಕಣ್ಣಾಡಿಸಿ, ಗೊಂಬೆಯನ್ನು ಬಸ್ಸು ಹತ್ತಿಸಿದರು. ಜೂನಿನಲ್ಲಿ ನನ್ನನ್ನೂ ಹತ್ತಿಸಿದರು.

ಅತ್ತೆಯ ಋಣ ನನ್ನಿಂದ ತೀರಿಸಲಾಗಲಿಲ್ಲ. ನಾನು ಮಡಿಕೇರಿಯಲ್ಲಿ ಟೀಚರ್ ಆದ ಮೇಲೆ, ಅವಳು ತೀರಿಕೊಳ್ಳುವ ಹಿಂದಿನ ವರ್ಷ, ಒಮ್ಮೆ ಅವಳನ್ನೂ ಅಲ್ಲಿಗೆ ಕರೆದೊಯ್ದೆ. ಬಸ್ಸಿನ ಮೆಟ್ಟಿಲು ಎತ್ತರವಾಯಿತೆಂದು ಕಂಕುಳಿಗೆ ಕೈಕೊಟ್ಟು ಎತ್ತಿ ಹತ್ತಿಸಿದೆ. ಆ ಹೊತ್ತಿಗೆ ಅವಳ ಮುಂದಿನ ಎರಡೂ ಹಲ್ಲು ಬಿದ್ದಿದ್ದವು.

“ಈಗ ಹಾರನ್ ಊದೋರು ಯಾರತ್ತೆ?” ಎಂದು ಕೆಣಕಿದೆ.

ಅತ್ತೆ ಕಿಟಕಿ ಪಕ್ಕ ಸೆರಗು ಹರಡಿ ಕೂತಳು. “ಡ್ರೈವರಿಗೆ ಸಂಬಳ ಕೊಡ್ತಾರಲ್ಲ, ಊದ್ಲಿ ಬಿಡು.”