ನಾನು ಹೇಳಿಕೊಟ್ಟ ರುಚಿ

ಕಾಫಿ ಕುಡಿಸಿ, ಹೇಗಿದೆ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳುವುದಕ್ಕೂ ಸಂಬಳ ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ಮೊಮ್ಮಗಳಿಂದ. ಮಗಳ ಮಗಳು ಅವಳು. ಕಾಫಿ, ಟೀ, ಹಣ್ಣಿನ ರಸ ಇಂಥವನ್ನು ಮಾಡಿ ಮಾರುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು ಎಂದು ಮನೆಯ ಲ್ಯಾಂಡ್‌ಲೈನಿಗೆ ಅವಳ ಫೋನ್ ಬಂದಾಗ ನಾನು ದನಕ್ಕೆ ಹುಲ್ಲು ಹಾಕುತ್ತಿದ್ದೆ. ಹುಲ್ಲಿನ ಹೊರೆಯನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದು, ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಹೇಳಿದೆ. ಬಸ್ಸು ಬಂದ ಮೇಲೆ ಡ್ರೈವರಿಗೂ ಹೇಳಿದೆ. ಅಷ್ಟು ಖುಷಿ! ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಯಾರಿಗೂ ಸಿಕ್ಕಿದ್ದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಾಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆಳಾಗಿ ಸೇರಿ, ಆಮೇಲೆ ಮೇಸ್ತ್ರಿಯಾದೆ. ಬೆಳಿಗ್ಗೆ ಆಳುಗಳನ್ನು ಹೊರಡಿಸಿ, ಯಾರು ಎಲ್ಲಿ ಕೊಯ್ಯಬೇಕು ಎಂದು ಹೇಳಿ, ಸಂಜೆಯವರೆಗೆ ಅವರ ಹಿಂದೆ ನಿಂತು ಕೆಲಸ ಮಾಡಿಸುವವನು ಮೇಸ್ತ್ರಿ. ಈಗ ಬಿಟ್ಟಿದ್ದೇನೆ. ಆಳುಗಳ ಲೈನ್ ಮನೆಗಳ ಕೆಳಗೆ, ಇಳಿಜಾರಿನಲ್ಲಿ, ನಾನೂ ನನ್ನ ಹೆಂಡತಿಯೂ ಇದ್ದೇವೆ.

ಮೊಮ್ಮಗಳು ತನ್ನ ಕೆಲಸವನ್ನು ನಮಗೆ ಬಿಡಿಸಿ ಹೇಳಿದಳು. “ಒಂದು ಸಾಮಾನನ್ನ ಅಂಗಡಿಗೆ ಇಳಿಸೋಕೆ ಮುಂಚೆ ಜನಕ್ಕೆ ಅದು ಬೇಕಾ ಬೇಡ್ವಾ ಅಂತ ತಿಳ್ಕೋಬೇಕಲ್ಲ ಅಜ್ಜ. ಇಲ್ದಿದ್ರೆ ಮಾಡಿದ್ದೆಲ್ಲ ಗೋಡೌನಲ್ಲೇ ಕೂತ್ಕೊಳತ್ತೆ.”

“ಅಂದ್ರೆ ಜನ ಹೇಳಿದ್ದು ಕೇಳಿ ಕಂಪನಿ ಕಾಫಿ ಮಾಡ್ತದಾ?”

“ಮಾಡ್ಲೇಬೇಕು.”

ನನಗೆ ನಂಬಲಿಕ್ಕೆ ಆಗಲಿಲ್ಲ. ಎಷ್ಟು ವರ್ಷ ಹಣ್ಣು ಕೊಯ್ಯಿಸಿದೆ, ಸಿಪ್ಪೆ ತೆಗೆದು ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಿಸಿ ಮೂಟೆ ಕಟ್ಟಿಸಿ ಲಾರಿಗೆ ಹಾಕಿಸಿದೆ. ಒಳ್ಳೆಯದೆಲ್ಲ ಲಾರಿ ಹತ್ತಿ ಹೋಯಿತು. ಕೊಯ್ದವರು ಅಂಗಡಿಯಿಂದ ಚಿಕೋರಿ ಜಾಸ್ತಿಯಿರುವ ಪುಡಿ ತಂದು ಬೆಲ್ಲ ಹಾಕಿ ಕುಡಿದರು. ರುಚಿ ಹೇಗಿದೆ ಎಂದು ಅವರನ್ನು ಕೇಳಿದವರು ಯಾರು? ಈಗ ನನ್ನ ಮೊಮ್ಮಗಳು ಕೇಳುತ್ತಾಳೆ!

ಕೊಯ್ಲು ಶುರುವಾಗುವ ಮೊದಲು ಒಂದು ದಿನ ಅವಳು ಜೀಪಿನಲ್ಲಿ ಬಂದಿಳಿದಳು. ಎರಡು ದೊಡ್ಡ ಫ್ಲಾಸ್ಕು, ಕಾಗದದ ಲೋಟಗಳು, ಒಂದು ಕಟ್ಟು ಪ್ರಶ್ನೆಯ ಹಾಳೆಗಳು. ಅವಳ ಕಂಪನಿ ಡಿಕಾಕ್ಷನ್ನನ್ನೇ ಸಣ್ಣ ಪೊಟ್ಟಣಗಳಲ್ಲಿ ತುಂಬಿತ್ತು. ಪೊಟ್ಟಣ ಹರಿದು ಬಿಸಿ ಹಾಲಿಗೆ ಸುರಿದರೆ ಕಾಫಿ ಆಯಿತು. ಅದನ್ನೂ, ಈಗಾಗಲೇ ಅಂಗಡಿಯಲ್ಲಿ ಸಿಗುವ ಬೇರೆಯವರದೊಂದನ್ನೂ ಜನರಿಗೆ ಕುಡಿಸಿ, ಯಾವುದು ಇಷ್ಟ, ಯಾಕೆ, ದುಡ್ಡು ಕೊಟ್ಟು ತಗೊಳ್ತೀರಾ ಎಂದು ಕೇಳಬೇಕು. ಒಂದು ಫ್ಲಾಸ್ಕಿಗೆ ಕೆಂಪು ಚೀಟಿ, ಇನ್ನೊಂದಕ್ಕೆ ನೀಲಿ.

“ಕೆಂಪಿದು ನಮ್ದು. ಇದನ್ನ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ ಅಜ್ಜ. ಗೊತ್ತಾದ್ರೆ ಜನ ನಿಜ ಹೇಳಲ್ಲ” ಎಂದಳು.

ಹೆಂಡತಿ ನೇರವಾಗಿ ಕೇಳಿದಳು, “ಕೆಲಸ ಕಾಯಂ ಹೌದಾ ನಿಂದು?”

“ಆರು ತಿಂಗಳು ನೋಡ್ತಾರೆ ಅಜ್ಜಿ. ಈಗ ಐದಾಯ್ತು. ಈ ವರದಿ ಮೇಲೆ ನಿಂತಿದೆ. ಒಪ್ಪಿದ್ರೆ ಕಾಯಂ, ಇಲ್ದಿದ್ರೆ ಮನೆಗೆ.”

ಆ ಮಾತು ನನ್ನ ಎದೆಯಲ್ಲಿ ಕೂತಿತು. ಕಂಪನಿಯ ಕಾಫಿಯನ್ನು ಜನ ಹೊಗಳಿದರೆ ಕಂಪನಿಯವರು ಇವಳನ್ನು ಇಟ್ಟುಕೊಳ್ಳುತ್ತಾರೆ, ತೆಗಳಿದರೆ ಓಡಿಸುತ್ತಾರೆ ಎಂದು ನಾನು ಲೆಕ್ಕ ಹಾಕಿದೆ.

ತೋಟದಲ್ಲಿ ನಾನು ಕಲಿತ ಒಂದು ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ತೋಟ ನೋಡಿ ಸರ್ಟಿಫಿಕೇಟ್ ಕೊಡುವವರು ನಾಳೆ ಬರುತ್ತಾರೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದರೆ, ಇವತ್ತು ಸಂಜೆ ಮೇಸ್ತ್ರಿ ಲೈನಿಗೆ ಹೋಗಬೇಕು. ನೀರು ಬರ್ತದಾ ಅಂದ್ರೆ ಬರ್ತದೆ ಅನ್ನಿ. ಔಷಧಿ ಹೊಡೆಯುವಾಗ ಮುಖಕ್ಕೆ ಕಟ್ಟಿಕೊಳ್ಳಲಿಕ್ಕೆ ಕೊಟ್ಟಿದ್ದಾರಾ ಅಂದ್ರೆ ಕೊಟ್ಟಿದ್ದಾರೆ ಅನ್ನಿ. ಮನೆಮನೆಗೂ ಹೋಗಿ, ಒಂದೊಂದು ಬಾಯಲ್ಲೂ ಹೇಳಿಸಿ ನೋಡಿ ಬರಬೇಕು. ನಾನು ಅದರಲ್ಲಿ ಗಟ್ಟಿಗ. ಒಂದು ಬಾಯಿಯೂ ತಪ್ಪಿದ್ದಿಲ್ಲ. ರೈಟರ್ ಬೆನ್ನು ತಟ್ಟುತ್ತಿದ್ದರು. ಅದನ್ನು ಸುಳ್ಳು ಎಂದು ನಾನು ಅಂದುಕೊಂಡವನೇ ಅಲ್ಲ, ಕೊಯ್ಲು ಇದ್ದ ಹಾಗೆ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಇದ್ದ ಹಾಗೆ ಅದೂ ಒಂದು ಕೆಲಸ.

ಮೊಮ್ಮಗಳು ಸ್ನಾನಕ್ಕೆ ಹೋದ ಹೊತ್ತಿಗೆ ನಾನು ಲೈನಿಗೆ ಹತ್ತಿದೆ.

“ನಾಳೆ ನನ್ನ ಮೊಮ್ಮಗಳು ಎರಡು ಕಾಫಿ ತರ್ತಾಳೆ. ಕೆಂಪು ಚೀಟಿದು ಚೆನ್ನಾಗಿದೆ, ನೀಲಿದು ಅಷ್ಟಕ್ಕಷ್ಟೆ. ಅಂಗಡಿಗೆ ಬಂದ್ರೆ ತಗೊಳ್ತೀವಿ. ಇಷ್ಟೇ ಹೇಳ್ಬೇಕು” ಎಂದೆ.

ನನ್ನ ಕೈಕೆಳಗೆ ಬಹಳ ವರ್ಷ ಹಣ್ಣು ಕೊಯ್ದ ಒಬ್ಬ ಮುದುಕಿ ಬಾಗಿಲಲ್ಲಿ ಕೂತಿದ್ದಳು. “ಕುಡಿದು ಹೇಳ್ಬೇಕಾ ಮೇಸ್ತ್ರಿ, ಕುಡೀದೇ ಹೇಳ್ಬೇಕಾ?”

“ಕುಡಿದೇ ಹೇಳು ಮಾರಾಯ್ತಿ. ಮರ್ಯಾದೆ ತೆಗೀಬೇಡ.”

“ನಿಮ್ಮ ಮರ್ಯಾದೆ ನಾವು ಯಾವತ್ತು ತೆಗ್ದಿದೀವಿ?” ಎಂದು ನಕ್ಕಳು.

ಮಾರನೇ ದಿನ ನಾನು ಮೊಮ್ಮಗಳ ಹಿಂದೆಯೇ ಫ್ಲಾಸ್ಕು ಹೊತ್ತುಕೊಂಡು ಹೋದೆ. ಅವಳು ಎಷ್ಟು ಚೆಂದ ಮಾತಾಡಿಸುತ್ತಿದ್ದಳು! ಮೆಟ್ಟಿಲ ಮೇಲೆ ಕೂತು, ಅವರ ಮಕ್ಕಳ ಸುದ್ದಿ ಕೇಳಿ, ಆಮೇಲೆ ಕಾಫಿ ಬಗ್ಗಿಸುತ್ತಿದ್ದಳು. ಎಲ್ಲರೂ ಹೇಳಿದ್ದು ಒಂದೇ. ಆ ಮುದುಕಿಯಂತೂ ಕೆಂಪಿನದನ್ನು ಒಂದು ಗುಟುಕು ಕುಡಿದು, ನೀಲಿ ಫ್ಲಾಸ್ಕಿನ ಮುಚ್ಚಳ ತೆಗೆಯುವ ಮೊದಲೇ, “ನೀಲಿದು ಅಷ್ಟಕ್ಕಷ್ಟೆ ಮಗಾ” ಎಂದುಬಿಟ್ಟಳು. ಮೊಮ್ಮಗಳ ಪೆನ್ನು ನಿಂತಿತು. ಮುದುಕಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬರೆದುಕೊಂಡಳು.

ಎರಡು ದಿನದಲ್ಲಿ ಲೈನು, ರಸ್ತೆ ಬದಿ, ಅಂಗಡಿ ಮುಂದೆ ಎಲ್ಲ ಮುಗಿಯಿತು. ನಮ್ಮಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ರಸ್ತೆಯ ಮೇಲಿನ ತಿರುವಿನಲ್ಲಿ ಮಾತ್ರ. ಅಲ್ಲಿಂದಲೇ ಅವಳು ಉತ್ತರಗಳನ್ನು ಆಫೀಸಿಗೆ ಕಳಿಸಿದಳು. ಅಲ್ಲೇ ಅವಳ ಮೇಲಿನವರ ಫೋನ್ ಬಂತು. ಓಡಿಕೊಂಡು ಕೆಳಗೆ ಬಂದಳು. “ಮೇಡಂಗೆ ತುಂಬಾ ಖುಷಿಯಾಗಿದೆ ಅಜ್ಜ! ಮೂಡಿಗೆರೆ, ಕಳಸದ ಅಂಗಡಿಗಳಿಗೇ ಮೊದ್ಲು ಇಳಿಸೋಣ ಅಂತಿದಾರೆ.”

ಹೆಂಡತಿ ಕೇಸರಿಬಾತ್ ಮಾಡಿದಳು. ನಾನು ಒಂದು ಡಬ್ಬಿ ತುಂಬಿಸಿಕೊಂಡು ಲೈನಿಗೆ ಹೋಗಿ ಹಂಚಿದೆ. ಮುದುಕಿ ಬೆರಳು ನೆಕ್ಕುತ್ತಾ ಹೇಳಿದಳು, “ಇದು ಚೆನ್ನಾಗಿದೆ ಮೇಸ್ತ್ರಿ, ನಿಜಕ್ಕೂ. ಆ ಕೆಂಪಿದು ಮಾತ್ರ ಬಾಯಿಗಿಡೋಕಾಗ್ಲಿಲ್ಲ. ಏನು ಸುಟ್ಟ ವಾಸನೆ ಮಾರಾಯ್ರೇ! ಮಿಕ್ಕಿದ್ದು ಬಚ್ಚಲಿಗೆ ಹೊಯ್ದೆ.”

ಪಕ್ಕದ ಮನೆಯವನು ಅಲ್ಲಿಂದಲೇ ಕೂಗಿದ, “ನಾನು ನಾಯಿಗೆ ಹಾಕ್ದೆ. ಅದೂ ಮೂಸಿ ಹೋಯ್ತು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಖಾಲಿ ಡಬ್ಬಿ ಹಿಡಿದು ಇಳಿಜಾರು ಇಳಿದೆ.

ಇಷ್ಟೆಲ್ಲ ಮಾಡಿದ ನಾನು ಆ ಕಾಫಿಯನ್ನು ಒಂದು ಹನಿ ಕುಡಿದು ನೋಡಿರಲಿಲ್ಲ. ಮನೆಗೆ ಬಂದವನೇ ಉಳಿದಿದ್ದ ಪೊಟ್ಟಣ ಹರಿದು ಹಾಲಿಗೆ ಹಾಕಿದೆ. ಬಾಣಲೆಯಲ್ಲಿ ಮರೆತು ಕರಿ ಮಾಡಿದ ರಾಗಿಯ ಹಾಗಿತ್ತು. ಮೂಡಿಗೆರೆಯ, ಕಳಸದ ಅಂಗಡಿಗಳಲ್ಲಿ ಇದೇ ಪೊಟ್ಟಣದ ಮಾಲೆಗಳು ಧೂಳು ಹಿಡಿದು ನೇತಾಡುವುದು ಕಣ್ಣಿಗೆ ಕಟ್ಟಿತು. ಆಗ ಕಂಪನಿಯವರು ಯಾರನ್ನು ಕರೆದು ಕೇಳುತ್ತಾರೆ? ಬಾಳೂರಿನ ಮೇಸ್ತ್ರಿಯನ್ನು ಕೇಳುತ್ತಾರಾ?

ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು, ಮುಚ್ಚಿಡುವುದಿಲ್ಲ. ಕೆಲಸ ಕಾಯಂ ಆಗಲಿ, ಆಮೇಲೆ ನೋಡಿಕೊಂಡರಾಯಿತು. ಆದರೆ ನನ್ನ ಮುಖ ನೋಡಿದ ಹೆಂಡತಿ ಬಿಡಬೇಕಲ್ಲ. ಬಚ್ಚಲ ಒಲೆಯ ಹತ್ತಿರ ಕೂರಿಸಿ ಬಾಯಿ ಬಿಡಿಸಿದಳು. ಕೇಳಿದ ಮೇಲೆ ಒಂದು ಸೌದೆ ಒಳಗೆ ತಳ್ಳಿದಳು.

“ಆಫೀಸರ್‌ಗಳು ಬಂದಾಗ ಹೇಳ್ಕೊಟ್ರಿ, ಅದು ನಿಮ್ಮ ಹೊಟ್ಟೆಪಾಡು. ಮೊಮ್ಮಗಳು ಬಂದ್ರೂ ಅದೇನಾ? ಅವ್ಳು ನಿಮಗೆ ಎಂತ ಆಫೀಸರಾ?” ಎಂದಳು. “ನಾಳೆ ಬಸ್ಸು ಹತ್ತೋ ಮುಂಚೆ ನೀವೇ ಹೇಳಿ. ನಾನು ಹೇಳಲ್ಲ.”

ಬೆಳಿಗ್ಗೆ ಮೊಮ್ಮಗಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ಕೂಗಾಡಲಿಲ್ಲ.

“ಎಷ್ಟು ಮನೆಗೆ ಹೋಗಿದ್ರಿ?”

“ಎಲ್ಲಾ ಮನೆಗೂ.”

“ರಸ್ತೆ ಬದಿಯವ್ರು?”

“ಅಂಗಡಿಯವನ ಹತ್ರ ಹೇಳಿದ್ದೆ. ಅವ್ನು ಉಳಿದವ್ರಿಗೆ ಹೇಳಿದಾನೆ.”

ಮಡಚಿದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. “ನಂಗೆ ಅನುಮಾನ ಬಂದಿತ್ತು ಅಜ್ಜ. ಲೈನಿನ ಆ ಅಜ್ಜಿ ನೀಲಿದು ಕುಡೀದೇ ಹೇಳಿದಾಗ್ಲೇ ಬಂದಿತ್ತು. ಉತ್ತರ ಚೆನ್ನಾಗಿ ಬರ್ತಿದೆ ಅಂತ ನಾನೂ ಕೇಳ್ಲಿಲ್ಲ.”

ತಿರುವಿಗೆ ಹತ್ತಿ ಹೋದಳು. ನಾನು ಹಿಂದೆ ಹಿಂದೆ ಹೋಗಿ ಒಂದು ಸಿಲ್ವರ್ ಓಕ್ ಮರದ ಕೆಳಗೆ ನಿಂತೆ. ಅವಳ ಮಾತು ಮಾತ್ರ ಕೇಳುತ್ತಿತ್ತು. “ಇಲ್ಲ ಮೇಡಂ, ಒಂದೂ ಉಪಯೋಗಕ್ಕೆ ಬರಲ್ಲ... ಮೊದ್ಲೇ ಹೇಳ್ಕೊಟ್ಟಿದ್ರು... ಊರು ಆರಿಸ್ಕೊಂಡಿದ್ದು ನಾನೇ. ಪರಿಚಯದ ಜನ, ಬಾಯಿ ಬಿಡ್ತಾರೆ ಅಂದ್ಕೊಂಡೆ. ತಪ್ಪು ನಂದು.” ಆಮೇಲೆ ಬಹಳ ಹೊತ್ತು “ಹೂಂ ಮೇಡಂ” ಎನ್ನುವುದಷ್ಟೇ ಇತ್ತು.

ತಿರುಗಿ ಬಂದು ಹೇಳಿದಳು, “ಒಂದು ವಾರ ಕೊಟ್ಟಿದಾರೆ. ಕಾಯಂ ಮಾಡೋ ಪತ್ರ ತಯಾರಾಗಿತ್ತಂತೆ. ಅದನ್ನ ನಿಲ್ಸಿದಾರೆ.”

ನಾನು ಕೆಡಿಸಿದ್ದನ್ನು ನಾನೇ ಸರಿ ಮಾಡುತ್ತೇನೆ ಎಂದು ಆವತ್ತೇ ಮತ್ತೆ ಲೈನಿಗೆ ಹೋದೆ. ಒಬ್ಬೊಬ್ಬರಿಗೂ ಕೈ ಮುಗಿದು, “ಮೊಮ್ಮಗಳು ಇನ್ನೊಂದ್ಸಲ ಬರ್ತಾಳೆ. ಈ ಸಲ ನಿಮ್ಮ ಬಾಯಿಗೆ ಹೇಗಿದೆಯೋ ಹಾಗೇ ಹೇಳಿ” ಎಂದೆ.

ಮುದುಕಿ ತಲೆಯಾಡಿಸಿದಳು. “ಆಯ್ತು ಮೇಸ್ತ್ರಿ. ಈ ಸಲ ನೀಲಿದು ಚೆನ್ನಾಗಿದೆ ಅನ್ಬೇಕಾ?”

“ಹಾಗಲ್ಲ ಮಾರಾಯ್ತಿ! ನಿನಗೆ ಅನ್ನಿಸಿದ್ದು ಹೇಳು.”

“ಅದೇ, ಯಾವುದು ಅನ್ನಿಸ್ಬೇಕು ಹೇಳಿ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಪಕ್ಕದವನೂ ಅದನ್ನೇ ಕೇಳಿದ, ಅವನ ಹೆಂಡತಿಯೂ ಅದನ್ನೇ ಕೇಳಿದಳು. ನಾನು ಬಾಯಿ ತೆರೆದರೆ ಅವರಿಗೆ ಅದು ನಾಳೆ ಒಪ್ಪಿಸಬೇಕಾದ ಪಾಠ. ಎಷ್ಟು ವರ್ಷದಿಂದ ನಾನೇ ಕಲಿಸಿದ್ದು. ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ. “ಬಿಡಿ ಅಜ್ಜ. ಬಾಳೂರು ಇನ್ನಾಗಲ್ಲ” ಎಂದಳು.

ಆ ವಾರವಿಡೀ ಅವಳು ಬೆಳಿಗ್ಗೆ ಬಸ್ಸು ಹತ್ತಿ ಹೋದಳು. ಬಣಕಲ್ಲಿನಲ್ಲಿ ಬಸ್ಸಿಗೆ ಕಾಯುವವರು, ಹೊರನಾಡಿನಲ್ಲಿ ಲಾಡ್ಜಿನ ಕೆಲಸದವರು, ಅಂಗಡಿಯವರು, ಗುರುತಿಲ್ಲದ ತೋಟಗಳ ಆಳುಗಳು. ಫ್ಲಾಸ್ಕು ಹೊರಲಿಕ್ಕೆ ನಾನು ಬರುತ್ತೇನೆ ಎನ್ನಲಿಲ್ಲ, ಅವಳೂ ಕರೆಯಲಿಲ್ಲ. ಸಂಜೆ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದಳು. ಒಬ್ಬ ಜೀಪಿನವನು ಕೆಂಪಿನದನ್ನು ಅಲ್ಲೇ ಉಗುಳಿ, “ಇದನ್ನ ಕುಡಿಸೋಕೆ ನಿಮಗೆ ದುಡ್ಡು ಕೊಡ್ತಾರಾ?” ಎಂದನಂತೆ. ಅದನ್ನು ಅಜ್ಜಿಗೆ ಹೇಳಿ ನಗುತ್ತಿದ್ದಳು. ನಾನು ಹೊರಗಿನಿಂದ ಕೇಳಿಸಿಕೊಂಡೆ. ಅವಳ ನಗು ಕೇಳಿ ಜೀವ ಬಂದ ಹಾಗಾಯಿತು, ಆದರೆ ಒಳಗೆ ಹೋಗಲಿಲ್ಲ.

ಕೊನೆಗೆ ಹೆಚ್ಚಿನವರು ಇಷ್ಟಪಟ್ಟದ್ದು ನೀಲಿಯನ್ನೇ. ಕೆಂಪು ಸುಟ್ಟ ಹಾಗಿದೆ ಎಂದರು. ಅವಳು ಒಂದನ್ನೂ ಬದಲಿಸದೆ ಬರೆದಳು. ವರದಿ ಇಂಗ್ಲಿಷಿನಲ್ಲಿತ್ತು. ಹೋಗುವ ದಿನ ಜಗಲಿಯಲ್ಲಿ ಕೂತು ನಮಗಿಬ್ಬರಿಗೂ ಕನ್ನಡದಲ್ಲಿ ಹೇಳಿದಳು. ಬಾಳೂರಿನ ಉತ್ತರಗಳನ್ನು ಯಾಕೆ ಬಿಟ್ಟಿದ್ದಾಳೆ ಎಂದೂ ಅದರಲ್ಲಿತ್ತು.

“ಯಾರು ಹೇಳ್ಕೊಟ್ರು ಅಂತ ಬರ್ದಿದೀಯಾ?” ಎಂದು ಕೇಳಿದೆ.

“ಬರ್ದಿದೀನಿ. ನನ್ನ ಮನೆಯವ್ರು ಅಂತ.”

“ಮೇಸ್ತ್ರಿ ಅಂತ ಬರಿ. ನಿನ್ನ ಮೇಲೆ ಯಾಕೆ ಎಳ್ಕೊಳ್ತೀ?”

“ಮೇಸ್ತ್ರಿ ಅಂದ್ರೆ ಬೇರೆ ಯಾರೋ ಅಂದ್ಕೊಳ್ತಾರೆ ಅಜ್ಜ. ಮನೆಯವ್ರೇ ಅಲ್ವಾ ನೀವು?”

ಆ ಕಾಫಿಯನ್ನು ಕಂಪನಿ ಅಂಗಡಿಗೆ ಇಳಿಸಲಿಲ್ಲ. ಬೀಜವನ್ನೇ ಬೇರೆ ಹದಕ್ಕೆ ಹುರಿದು ಹೊಸದಾಗಿ ಮಾಡುತ್ತಿದ್ದಾರಂತೆ. ಮೊಮ್ಮಗಳನ್ನು ಮನೆಗೆ ಕಳಿಸಲಿಲ್ಲ, ಕಾಯಂ ಮಾಡಲೂ ಇಲ್ಲ. ಇನ್ನೂ ಮೂರು ತಿಂಗಳು ನೋಡುತ್ತಾರಂತೆ. ಅಷ್ಟಕ್ಕೇ ನನಗೆ ಕುಣಿಯುವಷ್ಟು ಖುಷಿ. ರಸ್ತೆಯಲ್ಲಿ ಸಿಕ್ಕವರಿಗೆ ನಮ್ಮ ಹುಡುಗಿಯ ಕೆಲಸ ಇದೆ, ಇನ್ನೂ ಇದೆ ಎಂದು ಹೇಳುತ್ತಲೇ ಇದ್ದೇನೆ. ಹೇಳಿ ಮುಗಿಯುವುದರೊಳಗೆ ಮೂರು ತಿಂಗಳ ನೆನಪಾಗಿ, ಎಷ್ಟು ದಿನ ಉಳಿಯಿತು ಎಂದು ಬೆರಳು ಮಡಚಿ ಎಣಿಸುತ್ತೇನೆ.

ಮೊನ್ನೆ ಅವಳ ಫೋನ್ ಬಂತು. ಈ ಸಲ ಹಣ್ಣಿನ ರಸವಂತೆ, ಮುಂದಿನ ವಾರ ಹೊರಡುತ್ತಾಳಂತೆ. ಯಾವ ಊರಿಗೆ ಎಂದು ಕೇಳಲು ಬಾಯಿ ತೆರೆದೆ. ಆ ಮಾತನ್ನು ಅಲ್ಲೇ ಬಿಟ್ಟೆ. ನಾನು ಊಟ ಆಯ್ತಾ ಎಂದು ಕೇಳಿದೆ. ಆಯ್ತು ಅಜ್ಜ ಎಂದಳು.